ಕಾಲೇಜಿಗೆ ಲ್ಯಾಪ್‌ಟಾಪ್: ಆಮೇಲೆ ಬದಲಿಸಲಾಗದ್ದಕ್ಕೆ ಮೊದಲು ದುಡ್ಡು ಹಾಕಿ

ಸಿಇಟಿ ಸೀಟು ಹಂಚಿಕೆ ಮುಗಿದು ಫೀಸು ಕಟ್ಟಿದ ವಾರದಲ್ಲೇ ಮನೆಯಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಿರಲಿ, ಮಾಲಿನ ಶೋರೂಮಿರಲಿ, ಮೊಬೈಲಿನ ಶಾಪಿಂಗ್ ಆ್ಯಪ್ ಇರಲಿ, ಎಲ್ಲ ಕಡೆಯೂ ದಪ್ಪಕ್ಷರದಲ್ಲಿ ಕಾಣುವುದು ಮೂರೇ ಸಂಗತಿ: ಐ5 (ಪ್ರೊಸೆಸರ್), 16 ಜಿಬಿ (ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಬಳಸುವ ಮೆಮೊರಿ), 512 ಜಿಬಿ (ಎಸ್‌ಎಸ್‌ಡಿ, ಅಂದರೆ ಫೈಲ್ ಉಳಿಯುವ ಜಾಗ). ಈ ಮೂರೂ ಒಂದೇ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಡಿಗ್ರಿ ಮುಗಿಯುವ ತನಕ ಸಲೀಸಾಗಿ ನಡೆಯುತ್ತದೆ, ಇನ್ನೊಂದು ಎರಡನೇ ವರ್ಷಕ್ಕೇ ಏದುಸಿರು ಬಿಡುತ್ತದೆ. ವ್ಯತ್ಯಾಸ ಇರುವುದು ಸಣ್ಣಕ್ಷರದಲ್ಲಿ.

ಯಾರು ಕೇಳಿದರೂ ನಾನು ಹೇಳುವುದು ಇಷ್ಟು: ಆಮೇಲೆ ಬದಲಿಸಲು ಆಗದ ಭಾಗಕ್ಕೆ ಈಗಲೇ ದುಡ್ಡು ಹಾಕಿ, ಬದಲಿಸಬಹುದಾದ ಕಡೆ ಕೈ ಬಿಗಿ ಹಿಡಿಯಿರಿ. ಎಸ್‌ಎಸ್‌ಡಿ, ಸ್ಲಾಟಿನಲ್ಲಿ ಕೂರುವ ರ‍್ಯಾಮ್, ಬ್ಯಾಟರಿ ಇವನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದು. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್, ತೂಕ, ಬಾಡಿಯ ಗಟ್ಟಿತನ ಇವು ಕೊಂಡ ದಿನ ಹೇಗಿದ್ದವೋ ಕೊನೆಯ ದಿನವೂ ಹಾಗೇ. ಸ್ಕ್ರೀನನ್ನು ಬದಲಿಸಬಹುದಾದರೂ ಅದು ಒಡೆದಾಗ ಮಾಡುವ ಕೆಲಸ, ಚೆನ್ನಾಗಿ ಕಾಣಲಿ ಎಂದು ಯಾರೂ ಮಾಡಿಸುವುದಿಲ್ಲ.

ಮೊದಲು ಕೋರ್ಸ್ ಯಾವುದು ಎಂದು ನೋಡಿ. ಬಿ.ಕಾಂ. ಓದುವವರಿಗೆ ಟ್ಯಾಲಿ ಪ್ರೈಮ್, ಎಕ್ಸೆಲ್, ಬ್ರೌಸರ್ ಇಷ್ಟೇ. ಐ3-1215ಯು ಮಟ್ಟದ ಪ್ರೊಸೆಸರ್ ಧಾರಾಳವಾಗಿ ಸಾಕು. ಅವರಿಗೆ ಪ್ರೊಸೆಸರ್‌ಗಿಂತ ಮುಖ್ಯ ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡ್. 14 ಇಂಚಿನ ಬಹುತೇಕ ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ, 15.6 ಇಂಚಿನ ಹೆಚ್ಚಿನವುಗಳಲ್ಲಿ ಇರುತ್ತದೆ. ಬಿಸಿಎ, ಕಂಪ್ಯೂಟರ್ ಸೈನ್ಸ್‌ನವರಿಗೆ ಆಂಡ್ರಾಯ್ಡ್ ಸ್ಟುಡಿಯೊ, ಡಾಕರ್, ವರ್ಚುವಲ್ ಮಷೀನ್ ಎಂಬ ಭಾರೀ ತಂತ್ರಾಂಶಗಳು ಬರುತ್ತವೆ. ಇವು ಪ್ರೊಸೆಸರ್‌ಗಿಂತ ಮುಂಚೆ ರ‍್ಯಾಮನ್ನು ನುಂಗುತ್ತವೆ, 16 ಜಿಬಿ ಬೇಕೇ ಬೇಕು. ಸಿವಿಲ್, ಮೆಕ್ಯಾನಿಕಲ್‌ನವರ ಆಟೋಕ್ಯಾಡ್ 16 ಜಿಬಿ ಇದ್ದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಓಡುತ್ತದೆ. ಆದರೆ ರೆವಿಟ್, ಸಾಲಿಡ್‌ವರ್ಕ್ಸ್, ಸ್ಟ್ಯಾಡ್ ಪ್ರೊ ಎಂಬ ವಿನ್ಯಾಸದ ತಂತ್ರಾಂಶಗಳಿಗೆಲ್ಲ ವಿಂಡೋಸ್ ಬೇಕು. ಎಲೆಕ್ಟ್ರಾನಿಕ್ಸ್‌ನವರು ಚಿಪ್ ವಿನ್ಯಾಸದ ವಿವಾಡೊ ತಂತ್ರಾಂಶ ಹಾಕಿಕೊಳ್ಳುವ ದಿನ ಬಂದರೆ ಅದೊಂದೇ ಹತ್ತಾರು ಜಿಬಿ ಜಾಗ ತಿನ್ನುತ್ತದೆ. ನಿಜವಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಆರ್ಕಿಟೆಕ್ಚರ್‌ನವರಿಗೆ ಮತ್ತು ತ್ರೀಡಿ, ಅನಿಮೇಷನ್ ಕಲಿಯುವವರಿಗೆ. ಲ್ಯೂಮಿಯಾನ್‌ನಂಥ ರೆಂಡರಿಂಗ್ ತಂತ್ರಾಂಶ ಕಾರ್ಡ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ.

ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್) ಶಾಖೆ ಸಿಕ್ಕಿದೆ ಎಂಬ ಒಂದೇ ಕಾರಣಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವ ಪೋಷಕರು ಬಹಳ. ವಿಟಿಯು ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ನಲ್ಲಿ ಇರುವುದು ಸಿ, ಪೈಥಾನ್ ಮಟ್ಟದ ಪ್ರೋಗ್ರಾಮಿಂಗ್. ಮುಂದೆ ಎಐ ಮಾಡೆಲ್‌ಗೆ ತರಬೇತಿ ಕೊಡುವಾಗ ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ಸೇವೆಯಲ್ಲಿ ಮಿತಿಯೊಳಗೆ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಕ್ಕಟೆ ಸಿಗುತ್ತದೆ. ಸ್ವಂತ ಕಾರ್ಡೇ ಬೇಕು ಎನ್ನುವುದಾದರೆ ಎನ್‌ವಿಡಿಯಾದ್ದೇ ಆಗಿರಲಿ, ಏಕೆಂದರೆ ಈ ತರಬೇತಿಗೆ ಬಳಸುವ ಕೂಡಾ (CUDA) ಎಂಬ ತಂತ್ರಾಂಶ ಓಡುವುದು ಅದರಲ್ಲಿ ಮಾತ್ರ. ಹೆಸರು ನೋಡಿ ಸುಮ್ಮನಾಗಬೇಡಿ. ಆರ್‌ಟಿಎಕ್ಸ್ 3050ರಲ್ಲಿ 4 ಜಿಬಿ ಮೆಮೊರಿಯದೂ ಇದೆ, 6 ಜಿಬಿಯದೂ ಇದೆ. ಆರ್‌ಟಿಎಕ್ಸ್ 4050 ಎಂದು ಬರೆದ ಚಿಪ್ ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟ್, ಇನ್ನೊಂದರಲ್ಲಿ 115 ವ್ಯಾಟ್ ತನಕ ಎಳೆಯಬಲ್ಲದು. ವ್ಯಾಟ್ ಕಡಿಮೆಯಾದಷ್ಟೂ ವೇಗ ಕಡಿಮೆ. ತಯಾರಕರ ಸ್ಪೆಸಿಫಿಕೇಶನ್ ಪುಟದಲ್ಲಿ ಟಿಜಿಪಿ (ಗ್ರಾಫಿಕ್ಸ್ ಚಿಪ್ ಎಳೆಯುವ ವ್ಯಾಟ್) ಎಂಬ ಸಾಲು ಹುಡುಕಿ.

ಪ್ರೊಸೆಸರ್ ಹೆಸರುಗಳು ಇನ್ನೂ ಗೋಜಲು. ಒಂದು ಉದಾಹರಣೆ ಸಾಕು. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಎರಡನ್ನೂ "ರೈಜೆನ್ 5, 7000 ಸೀರೀಸ್" ಎಂದೇ ಮಾರುತ್ತಾರೆ. ಈ ಸೀರೀಸಿನಲ್ಲಿ ಚಿಪ್‌ನ ಒಳವಿನ್ಯಾಸ ಎಷ್ಟು ಹಳೆಯದು ಎಂದು ಹೇಳುವುದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ ಝೆನ್ 2, 2019ರ ವಿನ್ಯಾಸ; ನಾಲ್ಕೇ ಕೋರ್ (ಲೆಕ್ಕ ಮಾಡುವ ಘಟಕ). 7530ರಲ್ಲಿ ಅದು 3, ಅಂದರೆ ಝೆನ್ 3, ಆರು ಕೋರ್. ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. 7520ಯು ಒಪ್ಪುವುದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ, ಅದು ಬೋರ್ಡಿಗೆ ಬೆಸುಗೆ ಹಾಕಿಯೇ ಬರುತ್ತದೆ. 8 ಜಿಬಿಯ 7520ಯು ಲ್ಯಾಪ್‌ಟಾಪ್ ಕೊಂಡರೆ ಅದು ಕೊನೆಯ ತನಕ 8 ಜಿಬಿಯೇ. ಒಂದಂಕಿ ತಪ್ಪಿದ್ದಕ್ಕೆ ಹುಡುಗನೋ ಹುಡುಗಿಯೋ ನಾಲ್ಕು ವರ್ಷ ಒದ್ದಾಡಬೇಕಾಗುತ್ತದೆ. ಆದ್ದರಿಂದ ಪೂರ್ತಿ ನಂಬರ್ ಹೇಳದ ಅಂಗಡಿಯಲ್ಲಿ ಮಾತು ಮುಂದುವರಿಸಬೇಡಿ.

ಇಂಟೆಲ್ ಕಡೆಯೂ ಹೀಗೇ. ಐ3-ಎನ್305 ಎಂಬುದರಲ್ಲಿ ಎಂಟು ಕೋರ್ ಇದೆ ಎನ್ನುತ್ತಾರೆ, ಎಂಟೂ ಸಣ್ಣ ಕೋರ್‌ಗಳೇ. ದೊಡ್ಡ ಕೋರ್ ಒಂದೂ ಇಲ್ಲ. ಐ3-1215ಯುನಲ್ಲಿ ಆರೇ ಕೋರ್, ಆದರೆ ಅದರಲ್ಲಿ ಎರಡು ದೊಡ್ಡವು, ದಿನದ ಕೆಲಸಕ್ಕೆ ಇದೇ ಚುರುಕು. ಕೊನೆಯ ಅಕ್ಷರ ಯು ಇದ್ದರೆ 15 ವ್ಯಾಟ್ ವರ್ಗ, ತಣ್ಣಗಿರುತ್ತದೆ, ಬ್ಯಾಟರಿ ಬಾಳುತ್ತದೆ. ಎಚ್ ಇದ್ದರೆ 45 ವ್ಯಾಟ್ ವರ್ಗ, ಕೆಲಸ ಬೇಗ ಆಗುತ್ತದೆ, ಫ್ಯಾನ್ ಸದ್ದೂ ಬಿಸಿಯೂ ಜಾಸ್ತಿ. ಕೋಡ್ ಕಂಪೈಲ್ ಮಾಡುವವರಿಗೆ, ಕ್ಯಾಡ್ ಬಳಸುವವರಿಗೆ ಐ5-12450ಎಚ್‌ನಂಥದ್ದು ಒಳ್ಳೆಯದೇ. ಲೈಬ್ರರಿಯಲ್ಲಿ ಕೂತು ನೋಟ್ಸ್ ಮಾಡುವವರಿಗೆ ಯು ಸಾಕು.

ರ‍್ಯಾಮ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಹೆಚ್ಚು ಜನ ಎಡವುವುದು ಇಲ್ಲೇ. ವಿಂಡೋಸ್ 11 ಮತ್ತು ಹತ್ತು ಟ್ಯಾಬ್ ತೆರೆದ ಬ್ರೌಸರ್ ಸೇರಿದರೆ 8 ಜಿಬಿಯಲ್ಲಿ ಉಳಿಯುವುದು ಚೂರುಪಾರು. ಅದರಲ್ಲೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಆದ್ದರಿಂದ ಗುರಿ 16 ಜಿಬಿ. ಅದನ್ನು ಈಗಲೇ ಕೊಳ್ಳಬೇಕೋ, 8 ಜಿಬಿ ತಂದು ಆಮೇಲೆ ಸೇರಿಸಬಹುದೋ ಎನ್ನುವುದು ಸ್ಲಾಟಿನ ಮೇಲೆ ನಿಂತಿದೆ. ಮೂರು ಬಗೆ ಇರುತ್ತದೆ: ಎರಡೂ ಸ್ಲಾಟ್, ಒಂದು ಬೆಸುಗೆ ಮತ್ತೊಂದು ಸ್ಲಾಟ್, ಪೂರ್ತಿ ಬೆಸುಗೆ. ಅಂಗಡಿಯ ಡೆಮೊ ಪೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಕೆಳಗೆ ಎಷ್ಟು ಸ್ಲಾಟ್‌ನಲ್ಲಿ ಎಷ್ಟು ಬಳಕೆಯಲ್ಲಿದೆ ಎಂದು ಬರುತ್ತದೆ. ಆದರೆ ಅದೊಂದನ್ನೇ ನಂಬಬೇಡಿ. ಬೆಸುಗೆ ಹಾಕಿದ್ದನ್ನೂ ಅದು ಸ್ಲಾಟ್ ಎಂದು ಎಣಿಸುವುದುಂಟು. ಅದರ ಹತ್ತಿರವೇ ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿದೆ. ಅಲ್ಲಿ ಎಸ್ಒಡಿಐಎಂಎಂ ಎಂದಿದ್ದರೆ ಕಳಚಬಹುದಾದ ರ‍್ಯಾಮ್ ಪಟ್ಟಿ, "ರೋ ಆಫ್ ಚಿಪ್ಸ್" ಎಂದಿದ್ದರೆ ಬೆಸುಗೆ.

ಇನ್ನೊಂದು ಸೂಕ್ಷ್ಮ. ಒಂದೇ ಪಟ್ಟಿಯ 16 ಜಿಬಿಗಿಂತ 8 ಮತ್ತು 8ರ ಜೋಡಿ ಮೇಲು, ಏಕೆಂದರೆ ಆಗ ಮೆಮೊರಿ ಎರಡು ಚಾನೆಲ್‌ನಲ್ಲಿ ಓಡುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಇದರಿಂದ ಎದ್ದು ಕಾಣುವ ಲಾಭ. 12ನೇ, 13ನೇ ತಲೆಮಾರಿನ ಐ5 ಲ್ಯಾಪ್‌ಟಾಪಿನಲ್ಲಿ ಒಂದೇ ಪಟ್ಟಿ ಇದ್ದರೆ ಐರಿಸ್ ಎಕ್ಸ್‌ಇ ಎಂದು ಬರಬೇಕಾದ ಗ್ರಾಫಿಕ್ಸ್ ಅದಕ್ಕಿಂತ ಕೆಳದರ್ಜೆಯ ಬರೀ ಯುಎಚ್‌ಡಿ ಎಂದು ತೋರಿಸುತ್ತದೆ. ರ‍್ಯಾಮ್ ಪಟ್ಟಿ ಕೊಳ್ಳುವಾಗ ತಲೆಮಾರು ಒಂದೇ ಇರಲಿ, ಡಿಡಿಆರ್4ಗೆ ಡಿಡಿಆರ್4, ಡಿಡಿಆರ್5ಗೆ ಡಿಡಿಆರ್5 ನೋಡಿಯೇ ಕೊಳ್ಳಿ; ಒಂದು ಇನ್ನೊಂದರ ಸ್ಲಾಟಿಗೆ ಹೊಂದುವುದೇ ಇಲ್ಲ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಚಿಪ್ ತಯಾರಕರು ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯತ್ತ ತಿರುಗಿದ್ದು ಇದಕ್ಕೆ ಮುಖ್ಯ ಕಾರಣ. "ಆಮೇಲೆ ಸೇರಿಸಿದರೆ ಅಗ್ಗ" ಎನ್ನುವ ಹಳೆಯ ಮಾತನ್ನು ಆ ದಿನದ ಬೆಲೆ ವಿಚಾರಿಸದೆ ನಂಬಬೇಡಿ. ಸೇರಿಸುವ ಮುಂಚೆ ವಾರಂಟಿಗೆ ಧಕ್ಕೆ ಇದೆಯೇ ಎಂದು ಸರ್ವಿಸ್ ಸೆಂಟರಿಗೆ ಮೇಲ್ ಬರೆದು ಉತ್ತರ ಇಟ್ಟುಕೊಳ್ಳಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎನ್‌ವಿಎಂಇ ಎಂಬ ವೇಗದ ಬಗೆಯದಾಗಿರಲಿ, 512 ಜಿಬಿ ಇರಲಿ. ವಿಂಡೋಸ್‌ನಲ್ಲಿ ಅದು 476 ಜಿಬಿ ಎಂದು ಕಾಣುತ್ತದೆ. ಅದು ಎಣಿಕೆಯ ವ್ಯತ್ಯಾಸ, ಮೋಸವಲ್ಲ. ಮುಂದೆ ಜಾಗ ಸಾಲದೆ ಹೋದರೆ ಇನ್ನೊಂದು ಎಸ್‌ಎಸ್‌ಡಿ ಹಾಕಲು ಎರಡನೇ ಎಂ.2 ಸ್ಲಾಟ್ ಇದೆಯೇ, ಇದ್ದರೆ 2280 ಉದ್ದದ್ದೋ ಗಿಡ್ಡದಾದ 2242ಓ ಎಂದು ಮಾತ್ರ ಬರೆದಿಟ್ಟುಕೊಳ್ಳಿ.

ಸ್ಕ್ರೀನ್‌ಗೆ ಬೇಕಾದಷ್ಟು ಗಮನ ಯಾರೂ ಕೊಡುವುದಿಲ್ಲ, ದಿನಕ್ಕೆ ಆರೆಂಟು ಗಂಟೆ ನೋಡುವುದು ಅದನ್ನೇ. 1366×768 ಪಿಕ್ಸೆಲ್‌ನ ಸ್ಕ್ರೀನ್ ಈಗಲೂ ಅಗ್ಗದ ಮಾಡೆಲ್‌ಗಳಲ್ಲಿ ಬರುತ್ತದೆ, ಬೇಡ. ಕನ್ನಡ ಓದುವವರಿಗೆ ಇದಕ್ಕೆ ಬೇರೆಯೇ ಕಾರಣವಿದೆ: ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೊಂದು ಅಂತಸ್ತು ಕಟ್ಟುತ್ತವೆ. ಅಂಗಡಿಯಲ್ಲಿ ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆದು, ಝೂಮ್ ಮಾಡದೆ, "ರಾಷ್ಟ್ರ", "ವೈಶಿಷ್ಟ್ಯ", "ಸ್ತ್ರೀ" ಎಂಬಂಥ ಪದಗಳನ್ನು ಓದಿ ನೋಡಿ. ಒತ್ತು ಕಲಸಿದ ಮಸಿಯಂತೆ ಕಂಡರೆ ಆ ಸ್ಕ್ರೀನ್ ಬೇಡ. ಕನಿಷ್ಠ 1920×1080 ಇರಲಿ. 1920×1200 ಸಿಕ್ಕರೆ ಇನ್ನೂ ಒಳ್ಳೆಯದು, ಪಿಡಿಎಫ್ ಮತ್ತು ಕೋಡ್ ಓದುವಾಗ ಪುಟದಲ್ಲಿ ನಾಲ್ಕು ಸಾಲು ಹೆಚ್ಚು ಕಾಣುತ್ತದೆ. ಆಮೇಲೆ ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿ ನೋಡಿ. ಬಣ್ಣ ತಿರುವುಮುರುವಾಗಿ ಫೋಟೊ ನೆಗೆಟಿವ್‌ನಂತೆ ಕಂಡರೆ ಅದು ಟಿಎನ್ ಪ್ಯಾನೆಲ್, ಓರೆಯಿಂದಲೂ ಬಣ್ಣ ಸರಿಯಾಗಿ ತೋರುವ ಐಪಿಎಸ್ ಅಲ್ಲ. 250 ನಿಟ್ಸ್ ಬೆಳಕು ರೂಮಿನೊಳಗೆ ಸಾಕು, ಕಿಟಕಿಯ ಪಕ್ಕ ಅಥವಾ ಕ್ಯಾಂಪಸ್ಸಿನ ಕಟ್ಟೆಯ ಮೇಲೆ ಸಾಲದು, 300ಕ್ಕೆ ಮೇಲಿರಲಿ. ಸ್ಪೆಸಿಫಿಕೇಶನ್‌ನಲ್ಲಿ ಬಣ್ಣದ ವ್ಯಾಪ್ತಿ 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಬಣ್ಣ ಪೇಲವ. ಓದಿಗೆ ನಡೆಯುತ್ತದೆ. ಡಿಸೈನ್, ಫೋಟೊ, ಆರ್ಕಿಟೆಕ್ಚರ್‌ನವರಿಗೆ 100 ಶೇಕಡಾ ಎಸ್‌ಆರ್‌ಜಿಬಿ ಬೇಕು.

ಬ್ಯಾಟರಿಗೆ ಕಂಪನಿ ಹೇಳುವ "ಹತ್ತು ಗಂಟೆ" ಬಿಟ್ಟುಬಿಡಿ, ವ್ಯಾಟ್-ಅವರ್ ನೋಡಿ. ಯು ವರ್ಗದ ಲ್ಯಾಪ್‌ಟಾಪ್ ಬ್ರೌಸರ್, ವರ್ಡ್ ಕೆಲಸದಲ್ಲಿ ಸುಮಾರು 8ರಿಂದ 10 ವ್ಯಾಟ್ ಎಳೆಯುತ್ತದೆ. 42 ವ್ಯಾಟ್-ಅವರ್ ಬ್ಯಾಟರಿಯನ್ನು 9ರಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಗಂಟೆ, 60ರದ್ದಾದರೆ ಆರೂವರೆ. ಅರವತ್ತು ಜನರ ಕ್ಲಾಸಿನಲ್ಲಿ ಗೋಡೆಗೆ ನಾಲ್ಕು ಪ್ಲಗ್ ಪಾಯಿಂಟ್ ಇದ್ದರೆ ಹೆಚ್ಚು. ಮಳೆಗಾಲದಲ್ಲಿ ಸಂಜೆ ಕರೆಂಟ್ ಹೋಗುವ ಪಿಜಿಗಳೂ ಇವೆ. 50ಕ್ಕಿಂತ ಕಡಿಮೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಟೈಪ್-ಸಿ ಪೋರ್ಟಿನಲ್ಲಿ ಚಾರ್ಜ್ ಆಗುತ್ತದೆಯೇ ಎಂದೂ ಕೇಳಿ. ಕೆಲವು ಟೈಪ್-ಸಿ ಪೋರ್ಟ್ ಬರೀ ಡೇಟಾಗೆ. ಪವರ್ ಡೆಲಿವರಿ ಎಂದು ಬರೆದಿರಬೇಕು. ಹಾಗಿದ್ದರೆ ಚಾರ್ಜರ್ ಮರೆತ ದಿನ ಗೆಳೆಯರ 65 ವ್ಯಾಟ್ ಚಾರ್ಜರ್ ಕೆಲಸಕ್ಕೆ ಬರುತ್ತದೆ.

ತೂಕವನ್ನು ಚಾರ್ಜರ್ ಸೇರಿಸಿ ಲೆಕ್ಕ ಹಾಕಿ. ಗೇಮಿಂಗ್ ಮಾಡೆಲ್ 2.3 ಕೆ.ಜಿ., ಅದರ ಇಟ್ಟಿಗೆ ಗಾತ್ರದ ಚಾರ್ಜರ್ ಅರ್ಧ ಕೆ.ಜಿ.ಗೂ ಮೇಲೆ. ಪುಸ್ತಕ, ಊಟದ ಡಬ್ಬಿ ಸೇರಿದರೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವಾಗ ಹೆಗಲು ಹೇಳುತ್ತದೆ. 1.5 ಕೆ.ಜಿ. ಆಸುಪಾಸಿನದು ದಿನಾ ಹೊರಲು ಸುಖ. ಬೆಳಗಿನ ನೇರಳೆ ಮಾರ್ಗದ ಮೆಟ್ರೊದಲ್ಲಿ ಬ್ಯಾಗು ಎದೆಗೆ ಒತ್ತಿಕೊಂಡು ನಿಲ್ಲಬೇಕು, ಆ ಒತ್ತಡ ನೇರವಾಗಿ ಬೀಳುವುದು ಮುಚ್ಚಳದ ಮೇಲೆ. ಮುಚ್ಚಳದ ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಸ್ಕ್ರೀನ್ ಮೇಲೆ ಅಲೆ ಎದ್ದರೆ ಬಾಡಿ ತೆಳು ಎಂದರ್ಥ.

ಮ್ಯಾಕ್‌ಬುಕ್ ಏರ್ ಕೇಳುವವರು ಹೆಚ್ಚಾಗಿದ್ದಾರೆ. ಬ್ಯಾಟರಿ, ಸ್ಕ್ರೀನ್, ಬಾಡಿ ಮೂರರಲ್ಲೂ ಅದು ಮುಂದು. 2024ರ ಅಕ್ಟೋಬರ್‌ನಿಂದ ಅದರ ಮೂಲ ಮಾಡೆಲ್‌ನಲ್ಲೇ 16 ಜಿಬಿ ಬರುತ್ತಿದೆ, ಅದಕ್ಕೂ ಹಿಂದಿನ ಸ್ಟಾಕ್ ಅಗ್ಗಕ್ಕೆ ಸಿಕ್ಕರೆ 8 ಜಿಬಿಯದೋ 16ರದೋ ಎಂದು ನೋಡಿಕೊಳ್ಳಿ, ಆಮೇಲೆ ಸೇರಿಸಲು ದಾರಿಯಿಲ್ಲ. ಕಂಪ್ಯೂಟರ್ ಸೈನ್ಸ್, ಪತ್ರಿಕೋದ್ಯಮ, ವಿಡಿಯೊ ಎಡಿಟಿಂಗ್‌ನವರಿಗೆ ಧೈರ್ಯವಾಗಿ ಹೇಳುತ್ತೇನೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಾಮರ್ಸ್‌ನವರಿಗೆ ಬೇಡ. ರೆವಿಟ್, ಸಾಲಿಡ್‌ವರ್ಕ್ಸ್, ವಿವಾಡೊ, ಟ್ಯಾಲಿ ಯಾವುದೂ ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಸ್ನ್ಯಾಪ್‌ಡ್ರಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗೂ ಎಂಜಿನಿಯರಿಂಗ್ ತಂತ್ರಾಂಶದ ಮಟ್ಟಿಗೆ ಇದೇ ಎಚ್ಚರಿಕೆ. ಕಾಲೇಜಿನ ಲ್ಯಾಬ್‌ನಲ್ಲಿ ಏನು ಬಳಸುತ್ತಾರೆ ಎಂದು ಅದೇ ವಿಭಾಗದ ಸೀನಿಯರ್ ಒಬ್ಬರನ್ನು ಕೇಳಿದರೆ ಅರ್ಧ ಗೊಂದಲ ತೀರುತ್ತದೆ.

ಬಜೆಟ್ ಕಡಿಮೆಯಿದ್ದವರಿಗೆ ಬೆಂಗಳೂರಿನಷ್ಟು ಅನುಕೂಲ ಬೇರೆ ಊರಲ್ಲಿ ಸಿಗುವುದು ಕಷ್ಟ. ಐಟಿ ಕಂಪನಿಗಳು ಬಳಸಿ ಮಾರಿದ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಇಲ್ಲಿ ರಾಶಿ ರಾಶಿ. ಬಾಡಿ ಗಟ್ಟಿ, ಕೀಬೋರ್ಡ್ ಚೆನ್ನ, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ 8ನೇ ಅಥವಾ ಆಮೇಲಿನ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. 6ನೇ, 7ನೇ ತಲೆಮಾರಿನದನ್ನು "ವಿಂಡೋಸ್ 11 ಹಾಕಿ ಕೊಡ್ತೀವಿ ಸರ್" ಎಂದರೂ ಬೇಡ. ಹಣ ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಲೇಬೇಕು. ಒಂದು, ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ. ಶುರುವಿನ ಪರದೆಯಲ್ಲಿ ಯಾವುದೋ ಕಂಪನಿಯ ಹೆಸರು ಬಂದು ಅಲ್ಲಿಯ ಮೇಲ್ ಐಡಿ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿಯ ಲೆಕ್ಕದಲ್ಲಿದೆ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಮತ್ತೆ ಬರುತ್ತದೆ. ಎರಡು, ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಟೈಪ್ ಮಾಡಿಸಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ಎರಡನೆಯದು ಮೊದಲನೆಯದರ 70 ಶೇಕಡಾಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಇಲ್ಲ ಎಂಬುದನ್ನೂ ತೆರೆದು ತೋರಿಸಲಿ.

ಹೊಸದೋ ಹಳೆಯದೋ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಶೇಕಡಾ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಎಂಬ ಮಾತಿನಲ್ಲಿ ಉಳಿಯುವ ದುಡ್ಡು ವಾರಂಟಿ ಕೇಳುವ ದಿನ ಹೋಗುತ್ತದೆ. ಎಸ್.ಪಿ. ರೋಡಿಗೆ ಹೋಗುವುದಾದರೆ ವಾರದ ದಿನವೇ ಹೋಗಿ, ಭಾನುವಾರ ಬಹುಪಾಲು ಬಾಗಿಲು ಮುಚ್ಚಿರುತ್ತದೆ. ಮಾಡೆಲ್ ಹೆಸರಿನ ಜತೆ ಡಬ್ಬದ ಮೇಲಿನ ಉದ್ದನೆಯ ಪಾರ್ಟ್ ನಂಬರ್ ಫೋಟೊ ತೆಗೆದು, ತಯಾರಕರ ಸೈಟಿನಲ್ಲಿ ಹಾಕಿ ನೋಡಿ. ಒಂದೇ ಹೆಸರಿನ ಮಾಡೆಲ್‌ನಲ್ಲಿ ಸ್ಕ್ರೀನ್, ಬ್ಯಾಟರಿ, ರ‍್ಯಾಮ್ ಬೇರೆ ಬೇರೆ ಇರುತ್ತವೆ, ಅದನ್ನು ಬಿಡಿಸಿ ಹೇಳುವುದು ಈ ನಂಬರ್ ಮಾತ್ರ. ನೋ-ಕಾಸ್ಟ್ ಇಎಂಐ ಅಂದರೂ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಬಿಲ್ಲಿಗೆ ಸೇರಬಹುದು, ಮೊದಲೇ ಕೇಳಿ.

ಒಟ್ಟು ದುಡ್ಡಿನಲ್ಲಿ ಐದಾರು ಸಾವಿರ ತೆಗೆದಿಡಿ. ಅದು ತಯಾರಕರದ್ದೇ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್‌ಗೆ ಮತ್ತು ಮಳೆ ಕವರ್ ಇರುವ ಗಟ್ಟಿ ಬ್ಯಾಗಿಗೆ. ಮಾಮೂಲಿ ವಾರಂಟಿ ಚೆಲ್ಲಿದ ಕಾಫಿಗೂ ಒಡೆದ ಸ್ಕ್ರೀನಿಗೂ ಬರುವುದಿಲ್ಲ, ಹಾಸ್ಟೆಲ್‌ನಲ್ಲಿ ಆಗುವುದು ಅವೆರಡೇ. ಸ್ಕ್ರೀನ್ ಒಡೆಯಲು ಇನ್ನೊಂದು ಸಾಮಾನ್ಯ ಕಾರಣ ಕೀಬೋರ್ಡ್ ಮೇಲೆ ಪೆನ್ನೋ ಇಯರ್‌ಫೋನೋ ಬಿಟ್ಟು ಮುಚ್ಚುವುದು. ಹಿಂಜ್ (ಮುಚ್ಚಳದ ಕೀಲು) ಕಿತ್ತು ಬರುವುದಕ್ಕೆ ಒಂದೇ ಮೂಲೆ ಹಿಡಿದು ತೆರೆಯುವ ಅಭ್ಯಾಸ ಕಾರಣ. ಹಿಂಜ್ ಸ್ಕ್ರೂ ಕಚ್ಚಿರುವ ಪುಟ್ಟ ಹಿತ್ತಾಳೆ ಬಿಲ್ಲೆಗಳು ಪ್ಲಾಸ್ಟಿಕ್‌ನಿಂದ ಕಿತ್ತುಕೊಳ್ಳುತ್ತವೆ. ಮಧ್ಯದಲ್ಲಿ ಹಿಡಿದು ತೆರೆಯಲು ಮೊದಲ ದಿನವೇ ಹೇಳಿಕೊಡಿ. ಹಾಸಿಗೆಯ ಮೇಲಿಟ್ಟು ಬಳಸಿದರೆ ತಳದ ಗಾಳಿಕಿಂಡಿ ಮುಚ್ಚಿ ಬಿಸಿಯೇರುತ್ತದೆ, ಒಂದು ಹಲಗೆ ಸಾಕು.

ಮನೆಗೆ ತಂದ ಮೇಲೆ ಬಾಕ್ಸ್ ಬಿಚ್ಚುವುದನ್ನು ವಿಡಿಯೊ ಮಾಡಿ, ಡಬ್ಬ, ತಳ, ಬಿಲ್ ಮೂರರ ಸೀರಿಯಲ್ ನಂಬರ್ ತಾಳೆ ನೋಡಿ. ತಯಾರಕರ ಸೈಟಿನಲ್ಲಿ ವಾರಂಟಿ ಶುರುವಾದ ದಿನ ಬಿಲ್ಲಿನ ದಿನಕ್ಕಿಂತ ಹಿಂದಿದ್ದರೆ ಬಿಲ್ ಕಳಿಸಿ ಸರಿ ಮಾಡಿಸಿ. ಬ್ಯಾಟರಿಗೆ ಬಹಳ ಸಲ ಒಂದೇ ವರ್ಷ, ಉಳಿದದ್ದಕ್ಕೆ ಮೂರು ವರ್ಷ ಇದ್ದರೂ. ದಿನವಿಡೀ ಪ್ಲಗ್‌ನಲ್ಲೇ ಇಡುವುದಾದರೆ ತಯಾರಕರ ಆ್ಯಪಿನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಹಾಕಿ. ಕನ್ನಡ ಟೈಪಿಂಗ್‌ಗೆ ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ; ನುಡಿ ವಿನ್ಯಾಸ ರೂಢಿಯಿದ್ದವರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಬಹುದು.

ಕೊನೆಯದು, ಆದರೆ ಎಲ್ಲಕ್ಕಿಂತ ದುಬಾರಿ ತಪ್ಪು ಆಗುವ ಜಾಗ. ಹೊಸ ವಿಂಡೋಸ್ ಲ್ಯಾಪ್‌ಟಾಪಿಗೆ ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಗೆ ಎರಡು ಸಂಗತಿ ಅಂಟಿಕೊಳ್ಳುತ್ತವೆ: ಜತೆಗೆ ಬಂದ ಆಫೀಸ್ ಲೈಸೆನ್ಸ್ ಮತ್ತು ಡಿಸ್ಕ್ ಎನ್‌ಕ್ರಿಪ್ಶನ್‌ನ (ಫೈಲ್‌ಗಳಿಗೆ ಬೀಳುವ ಬೀಗದ) ರಿಕವರಿ ಕೀ. ಈ ಎನ್‌ಕ್ರಿಪ್ಶನ್ ಹೆಚ್ಚಿನ ಹೊಸ ಯಂತ್ರಗಳಲ್ಲಿ ಕೇಳದೆಯೇ ಶುರುವಾಗಿರುತ್ತದೆ. ಅಂಗಡಿಯ ಹುಡುಗ "ಸೆಟಪ್ ಮಾಡಿ ಕೊಡ್ತೀನಿ" ಎಂದು ತನ್ನದೋ, ಆ ಕ್ಷಣಕ್ಕೆ ಮಾಡಿದ ಯಾವುದೋ ಖಾತೆಯನ್ನೋ ಹಾಕಿದರೆ ಎರಡೂ ಅಲ್ಲಿಗೆ ಹೋದವು. ಮುಂದೆಂದೋ ಬಯಾಸ್ ಅಪ್‌ಡೇಟ್ ಆದಾಗ ಅಥವಾ ಮದರ್‌ಬೋರ್ಡ್ ಬದಲಿಸಿದಾಗ ನೀಲಿ ಪರದೆ 48 ಅಂಕಿಯ ಕೀ ಕೇಳುತ್ತದೆ. ಅದಿಲ್ಲದೆ ಪ್ರಾಜೆಕ್ಟ್ ರಿಪೋರ್ಟ್, ಫೋಟೊ, ಯಾವುದೂ ವಾಪಸ್ ಬರುವುದಿಲ್ಲ. ಸರ್ವಿಸ್ ಸೆಂಟರಿನವರಿಗೂ ತೆಗೆಯಲಾಗದು. ಸೆಟಪ್ ಮನೆಯಲ್ಲೇ ಮಾಡಿ, ಓದುವವರ ಸ್ವಂತ ಮೇಲ್ ಐಡಿಯಲ್ಲಿ. ಕಾಲೇಜು ಕೊಟ್ಟ ಐಡಿ ಬೇಡ, ಕೋರ್ಸ್ ಮುಗಿದ ಮೇಲೆ ಅದು ನಿಂತುಹೋಗಬಹುದು. ಅದೇ ದಿನ ಖಾತೆಯ ಪುಟದಿಂದ ರಿಕವರಿ ಕೀ ಪ್ರಿಂಟ್ ತೆಗೆದು ಬಿಲ್ಲಿನ ಜತೆ ಮನೆಯಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ.